‘ರೆಡಿ’ ಎಂಬ ಪದ ನಡೆದು ಬಂದ ದಾರಿ



ಬೆಳಗಿನಿಂದ ರಾತ್ರಿಯವರೆಗೆ ನಾವು ಎಷ್ಟು ಬಾರಿ ‘ರೆಡಿ’ ಎನ್ನುತ್ತೇವೆ ಎಂಬುದನ್ನು ಎಂದಾದರೂ ಎಣಿಸಿದ್ದೀರಾ? ತಿಂಡಿ ರೆಡಿ, ಮಕ್ಕಳು ಶಾಲೆಗೆ ರೆಡಿ, ಬಿಲ್ಲು ರೆಡಿ, ಬಸ್ಸು ಹೊರಡಲು ರೆಡಿ. ತುಮಕೂರು ನಗರದ ಅಂಚಿನಲ್ಲಿ, ಶಿರಾ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿರುವ ಅಂತರಸನಹಳ್ಳಿಯನ್ನೇ ನೋಡಿ. ಅಲ್ಲಿ ತರಕಾರಿ ಮಾರುಕಟ್ಟೆಯಿದೆ, ಕೈಗಾರಿಕಾ ಪ್ರದೇಶವಿದೆ, ಹಗಲಿರುಳೆನ್ನದೆ ಓಡುವ ಲಾರಿಗಳಿವೆ. ಇಂಥ ಸ್ಥಳದ ಮಾತಿನಲ್ಲಿ ‘ಲೋಡ್ ರೆಡಿ’, ‘ಮಾಲು ರೆಡಿ’, ‘ಗಾಡಿ ರೆಡಿ’ ಎಂಬವು ಉಸಿರಾಟದಷ್ಟೇ ಸಹಜ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೂ ಈ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಅದು ಇಂಗ್ಲಿಷಿನದೆಂಬ ನೆನಪೂ ನಮ್ಮಲ್ಲಿ ಹೆಚ್ಚು ಮಂದಿಗೆ ಉಳಿದಿಲ್ಲ.

ಇಷ್ಟು ಸುಲಭವಾಗಿ ನಾಲಿಗೆಗೆ ಬರುವ ಪದದ ಒಳಗೆ ಏನಿದೆ? ಒಬ್ಬ ಮನುಷ್ಯ ‘ನಾನು ರೆಡಿ’ ಎಂದಾಗ ಅವನು ನಿಜವಾಗಿ ಹೇಳುತ್ತಿರುವುದೇನು? ಪದಗಳಿಗೂ ನಮ್ಮಂತೆಯೇ ಹುಟ್ಟೂರು, ಬಂಧುಬಳಗ, ಸುದೀರ್ಘವಾದ ಪ್ರಯಾಣ ಇರುತ್ತದೆ. ಈ ಪುಟ್ಟ ಪದದ ಹುಟ್ಟೂರನ್ನು ಹುಡುಕುತ್ತಾ ಹೋದರೆ ನಾವು ಮರೆತಿರುವ ಒಂದು ಅರ್ಥ ಕೈಗೆ ಸಿಗುತ್ತದೆ. ಅದನ್ನು ತಮ್ಮೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಕುದುರೆಯ ಬೆನ್ನೇರಿದ ಪದ

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ರೇಡೆ’ ಅಥವಾ ‘ಗೆರೇಡೆ’ ಎಂದಿತ್ತು. ಸುಮಾರು 1200ರ ಹೊತ್ತಿಗೆ ಅದು ಇಂದಿನ ‘ರೆಡಿ’ಗೆ ಸಮೀಪದ ರೂಪವನ್ನು ಪಡೆಯಿತು. ಜರ್ಮನ್ ಭಾಷೆಯ ‘ಬೆರೈಟ್’, ಡಚ್ ಭಾಷೆಯ ‘ಗೆರೇಡ್’ ಇದರ ಸೋದರ ಪದಗಳು. ಅವುಗಳ ಅರ್ಥವೂ ಸಿದ್ಧ ಎಂದೇ. ಇವೆಲ್ಲಕ್ಕೂ ಮೂಲವಾದ ಪ್ರಾಚೀನ ಜರ್ಮಾನಿಕ್ ಪದಕ್ಕೆ ‘ಅಣಿಗೊಳಿಸಿದ’, ‘ಏರ್ಪಡಿಸಿದ’ ಎಂಬ ಅರ್ಥವಿತ್ತು. ಯಾವುದಕ್ಕಾಗಿ ಅಣಿಗೊಳಿಸಿದ್ದು? ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿಯ ಅಭಿಪ್ರಾಯದಂತೆ, ಸವಾರಿಗಾಗಿ. ಸವಾರಿ ಮಾಡು ಎಂಬರ್ಥದ ‘ರೈಡ್’ ಹುಟ್ಟಿದ ಬೇರಿನಿಂದಲೇ ‘ರೆಡಿ’ಯೂ ಹುಟ್ಟಿದೆ. ಪ್ರಯಾಣಕ್ಕೆ ಬೇಕಾದುದನ್ನೆಲ್ಲ ಜೋಡಿಸಿಕೊಂಡು ಹೊರಡುವಂತಿರುವುದು ಎಂಬುದೇ ಅದರ ಮೊದಲ ಭಾವ.

ಈ ಬೇರಿನಿಂದ ಇನ್ನೂ ಎರಡು ಪದಗಳು ನಮ್ಮ ಕನ್ನಡದ ಬಳಕೆಗೆ ಬಂದಿವೆ. ಹಳೆಯ ಇಂಗ್ಲಿಷಿನ ‘ರಾಡ್’ ಎಂದರೆ ಕುದುರೆಯ ಮೇಲಿನ ಪ್ರಯಾಣ, ದಂಡಯಾತ್ರೆ ಎಂದೂ ಆಗಿತ್ತು. ಅದೇ ಮುಂದೆ ಇಂಗ್ಲೆಂಡಿನಲ್ಲಿ ‘ರೋಡ್’ ಆಗಿ ಸವಾರರು ಹೋಗುವ ದಾರಿಗೆ ಹೆಸರಾಯಿತು. ಸ್ಕಾಟ್ಲೆಂಡಿನ ಉಚ್ಚಾರದಲ್ಲಿ ‘ರೇಡ್’ ಆಗಿ ಏಕಾಏಕಿ ಎರಗುವ ದಾಳಿಗೆ ಹೆಸರಾಯಿತು. ಹೀಗಾಗಿ ನಾವು ದಿನವೂ ಆಡುವ ರೋಡು, ರೈಡು, ರೇಡು, ರೆಡಿ ನಾಲ್ಕೂ ಒಂದೇ ಮನೆಯ ಮಕ್ಕಳು. ಹಿಂದೆ 4 ಎಂದೂ ಈಗ 48 ಎಂದೂ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ನಿಂತು ಲಾರಿಯ ಚಾಲಕನೊಬ್ಬ ‘ರೆಡಿ’ ಎಂದರೆ, ಆ ಪದ ತನ್ನ ಬಂಧುವಾದ ರಸ್ತೆಯ ಪಕ್ಕದಲ್ಲಿಯೇ ನಿಂತಿದೆ ಎಂದಾಯಿತು.

ಐರಿಷ್ ಭಾಷೆಯಲ್ಲಿಯೂ ಈ ಬಳಗದ ಪದವೊಂದಿದೆ. ಅದರ ಉಚ್ಚಾರ ಹೆಚ್ಚುಕಡಿಮೆ ‘ರೇ’ ಎಂದು. ಅದಕ್ಕೆ ಸಿದ್ಧ ಎಂಬರ್ಥವೂ ಇದೆ, ಸಮತಟ್ಟಾದ, ಸುಗಮವಾದ ಎಂಬರ್ಥವೂ ಇದೆ. ಸವಾರನು ತಡೆಯಿಲ್ಲದೆ ಸಾಗಬಲ್ಲ ನೆಲವೇ ಸಿದ್ಧವಾದ ನೆಲ! ಹಳ್ಳಗಳನ್ನು ತುಂಬಿಸಿ, ದಿಬ್ಬಗಳನ್ನು ತಗ್ಗಿಸಿ ಕರ್ತನಿಗಾಗಿ ದಾರಿಯನ್ನು ಸಿದ್ಧಪಡಿಸಬೇಕೆಂಬ ಯೆಶಾಯ ಪ್ರವಾದನೆಯ ಕರೆಯನ್ನು ಬಲ್ಲ ನಮಗೆ ಈ ಅರ್ಥ ಅಪರಿಚಿತವಲ್ಲ.

ಕುಣಿಗಲಿನ ಲಾಯ, ಶಿರಾದ ದರಬಾರು

ಕುದುರೆ ಮತ್ತು ಸಿದ್ಧತೆಯ ನಂಟನ್ನು ತಿಳಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಕುಣಿಗಲು ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದದ್ದು. ಅಲ್ಲಿನ ಕುದುರೆಗಳು ಮೈಸೂರಿನ ಅಶ್ವದಳವನ್ನು ಸೇರಿದವು. ಇಪ್ಪತ್ತನೆಯ ಶತಮಾನದಲ್ಲಿ ಪಂದ್ಯದ ಮೈದಾನಗಳಲ್ಲಿ ಓಡಿದವು. ಕುದುರೆಯನ್ನು ಹೊರಡಿಸುವುದೆಂದರೆ ಒಂದು ಕ್ಷಣದ ಕೆಲಸವಲ್ಲ. ಮೈ ತಿಕ್ಕಬೇಕು, ಗೊರಸು ನೋಡಬೇಕು, ಜೀನು ಬಿಗಿಯಬೇಕು, ಲಗಾಮು ತೊಡಿಸಬೇಕು. ಇದಕ್ಕೆಲ್ಲ ಕನ್ನಡದಲ್ಲಿ ಒಂದೇ ಮಾತು: ಸಜ್ಜುಗೊಳಿಸುವುದು. ಕುದುರೆಗೆ ತೊಡಿಸುವ ಸಾಮಗ್ರಿಯೂ ‘ಸಜ್ಜು’, ಸಿದ್ಧವಾಗಿರುವ ಸ್ಥಿತಿಯೂ ‘ಸಜ್ಜು’. ಇಂಗ್ಲಿಷರು ತಮ್ಮ ‘ರೆಡಿ’ಯನ್ನು ಪಡೆದುಕೊಂಡ ಅನುಭವವನ್ನೇ ನಮ್ಮವರೂ ಈ ಒಂದು ಪದದಲ್ಲಿ ಕಟ್ಟಿಟ್ಟಿದ್ದಾರೆ.

ಸಜ್ಜು ಎಂಬುದು ಸಂಸ್ಕೃತದ ‘ಸಜ್ಜ’ದಿಂದ ಬಂದದ್ದು. ಅದನ್ನು ‘ಸಜ್ಯ’ ಎಂಬುದರಿಂದ ಬಿಡಿಸಿ ಹೇಳುವ ಕೋಶಕಾರರುಂಟು. ‘ಜ್ಯಾ’ ಎಂದರೆ ಬಿಲ್ಲಿನ ಹೆದೆ. ಹೆದೆಯೇರಿಸಿದ ಬಿಲ್ಲೇ ಸಜ್ಜಾದ ಬಿಲ್ಲು. ಮೂಲೆಯಲ್ಲಿ ಒರಗಿಸಿಟ್ಟ ಬಿಲ್ಲು ಎಷ್ಟೇ ಚೆನ್ನಾಗಿದ್ದರೂ ಸಜ್ಜಾಗಿಲ್ಲ. ಬಾಗಿ, ಬಿಗಿದು, ಬಾಣವನ್ನು ಹೊತ್ತು ಕಳುಹಿಸುವಂತಿದ್ದಾಗ ಮಾತ್ರ ಅದು ಸಜ್ಜು.

ಕನ್ನಡಿಗರು ಅಷ್ಟೇ ಸಲಿಗೆಯಿಂದ ಬಳಸುವ ಇನ್ನೊಂದು ಪದ ‘ತಯಾರು’. ಅಂತರಸನಹಳ್ಳಿಯಿಂದ ಹೆದ್ದಾರಿ ಹಿಡಿದು ಸಾಗಿದರೆ ಸಿಗುವ ಶಿರಾ 1687ರಿಂದ ಮೊಘಲರ ಸುಬಾವೊಂದರ ಕೇಂದ್ರವಾಗಿತ್ತು. ಇಂಥ ಆಡಳಿತ ಕೇಂದ್ರಗಳ ಸಹವಾಸದಲ್ಲಿ ಪಾರಸಿಯ ಜೀನು, ಲಗಾಮು, ಸವಾರಿ ಮುಂತಾದ ನೂರಾರು ಪದಗಳು ನಮ್ಮ ನಾಡಿನ ಮಾತಿನೊಳಗೆ ಬೆರೆತವು. ‘ತಯಾರ್’ ಆ ಗುಂಪಿನದು. ಅದರ ಮೂಲ ಅರಬ್ಬಿಯ ‘ತಯ್ಯಾರ್’, ಅರ್ಥ ಹಾರುವಂಥದು. ಬೇಟೆಗೆ ಪಳಗಿಸಿದ ಡೇಗೆ ಹಕ್ಕಿ ಹಳೆಯ ಗರಿಗಳನ್ನು ಉದುರಿಸಿ ಹೊಸ ಗರಿ ಬಂದು ಹಾರಲು ಯೋಗ್ಯವಾದಾಗ ಅದನ್ನು ತಯಾರಾಯಿತೆನ್ನುತ್ತಿದ್ದರು, ಅಲ್ಲಿಂದಲೇ ಈಗಿನ ಅರ್ಥ ಬಂದಿತು ಎಂಬುದು ವಿದ್ವಾಂಸರು ಕೊಡುವ ವಿವರಣೆ.

ವಾಚಕರೇ, ಒಂದು ಸಂಗತಿಯನ್ನು ಗಮನಿಸಿದಿರಾ? ಇಂಗ್ಲಿಷರ ಕುದುರೆ, ಸಂಸ್ಕೃತದ ಬಿಲ್ಲು, ಅರಬ್ಬಿಯ ಹಕ್ಕಿ. ಮೂರು ಬೇರೆ ಬೇರೆ ಜನಾಂಗಗಳು, ಒಬ್ಬರನ್ನೊಬ್ಬರು ಕೇಳದೆ, ಸಿದ್ಧತೆಗೆ ಹೆಸರಿಡುವಾಗ ಹೊರಡುವುದನ್ನೇ ನೆನೆದಿದ್ದಾರೆ.

ಅಣಿಯಾದವರು, ಟೊಂಕ ಕಟ್ಟಿದವರು

ಇನ್ನು ನಮ್ಮದೇ ನೆಲದ ಪದ ‘ಅಣಿ’. ಸಾಲು, ಪಂಕ್ತಿ, ಸೈನ್ಯದ ಜೋಡಣೆ, ಅಲಂಕಾರ, ಸಿದ್ಧತೆ ಇಷ್ಟೂ ಅರ್ಥಗಳು ಈ ದ್ರಾವಿಡ ಪದದ ಸುತ್ತ ಹೆಣೆದುಕೊಂಡಿವೆ. ತಮಿಳಿನಲ್ಲಿ ಅಣಿ ಎಂದರೆ ಒಡವೆ. ತುಳುನಾಡಿನ ಭೂತಕೋಲದಲ್ಲಿ ಪಾತ್ರಧಾರಿಯ ಬೆನ್ನಿಗೆ, ತಲೆಯ ಹಿಂದೆ ಎದ್ದು ನಿಲ್ಲುವ ಅಲಂಕಾರದ ಹೆಸರು ಅಣಿ. ಸೋಜಿಗವೆಂದರೆ, ಇಂಗ್ಲಿಷಿನ ‘ರೆಡಿ’ಯ ಬಳಗದಲ್ಲಿಯೂ ಇಂಥದೇ ಪದವಿದೆ. ಫ್ರೆಂಚ್ ಭಾಷೆಯ ಮೂಲಕ ಸುತ್ತಿ ಬಂದ ‘ಅರೇ’ ಎಂಬ ಆ ಪದಕ್ಕೆ ಸೈನ್ಯದ ಸಾಲು ಎಂದೂ ಅರ್ಥ, ಉಡುಗೆತೊಡುಗೆ ಎಂದೂ ಅರ್ಥ. ನಾವು ಇಂದು ಮದುವೆಗೆ ಹೊರಡುವ ಮುನ್ನ ಸೀರೆಯುಟ್ಟು ಹೂ ಮುಡಿಯುವುದನ್ನು ‘ರೆಡಿಯಾಗುವುದು’ ಎನ್ನುವಾಗ, ಅರಿವಿಲ್ಲದೆಯೇ ಈ ಪುರಾತನ ಅರ್ಥವನ್ನು ಮುಟ್ಟುತ್ತೇವೆ.

ಅಣಿಯಾಗುವುದರ ಬೆಲೆಯನ್ನು ಗುಬ್ಬಿಯ ಜನ ಚೆನ್ನಾಗಿ ಬಲ್ಲರು. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಕನ್ನಡ ರಂಗಭೂಮಿಯ ಇತಿಹಾಸವನ್ನೇ ಬರೆಯಿತು. ಪರದೆಯ ಹಿಂದೆ ಬಣ್ಣ ಹಚ್ಚಿ, ವೇಷ ತೊಟ್ಟು, ತನ್ನ ಮಾತುಗಳನ್ನು ಕಂಠಸ್ಥ ಮಾಡಿಕೊಂಡು ನಿಂತಿರುವ ನಟನ ಸಿದ್ಧತೆಗೆ ಅರ್ಥ ಬರುವುದು ಪರದೆ ಎದ್ದಾಗಲೇ. ಪರದೆಯನ್ನು ಎತ್ತುವುದು ಅವನ ಕೆಲಸವಲ್ಲ. ಎದ್ದ ಗಳಿಗೆಯಲ್ಲಿ ಅವನು ಅಲ್ಲಿರಬೇಕು, ಅಷ್ಟೇ.

‘ಸನ್ನದ್ಧ’ ಎಂಬ ಪದ ‘ಕಟ್ಟು’ ಎಂಬರ್ಥದ ಧಾತುವಿನಿಂದ ಬಂದದ್ದು. ಕವಚವನ್ನು ಬಿಗಿದುಕೊಂಡವನೇ ಸನ್ನದ್ಧ. ನಮ್ಮ ಹಳ್ಳಿಗಳಲ್ಲಿ ಕವಚವಿಲ್ಲ, ಪಂಚೆಯಿದೆ. ಆದ್ದರಿಂದ ನಾವು ‘ಟೊಂಕ ಕಟ್ಟಿ ನಿಲ್ಲು’ ಎನ್ನುತ್ತೇವೆ. ಇಸ್ರಾಯೇಲ್ಯರು ಐಗುಪ್ತದಿಂದ ಹೊರಡುವ ರಾತ್ರಿ ಪಸ್ಕದ ಭೋಜನವನ್ನು ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೋಲು ಹಿಡಿದುಕೊಂಡು ಉಣ್ಣಬೇಕಾಗಿತ್ತು. ಮೊದಲ ಬಾರಿಗೆ ಬೈಬಲನ್ನು ಓದುವ ಕನ್ನಡದ ರೈತನಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಾಗಲಾರದು.

ಬೆಂದದ್ದೇ ಸಿದ್ಧ

ಇಷ್ಟು ಪದಗಳಿದ್ದರೂ ಬರವಣಿಗೆಯ ಕನ್ನಡದಲ್ಲಿ ‘ರೆಡಿ’ಗೆ ಎದುರಾಗಿ ನಾವು ಮೊದಲು ನೆನೆಯುವುದು ‘ಸಿದ್ಧ’ ಎಂಬುದನ್ನು. ಇದರ ದಾರಿ ಬೇರೆ. ಇದು ಹೊರಡುವುದನ್ನು ಹೇಳುವುದಿಲ್ಲ, ನೆರವೇರಿದ್ದನ್ನು ಹೇಳುತ್ತದೆ. ಸಾಧಿಸಿದ್ದು ಸಿದ್ಧ, ಬೆಂದ ಅನ್ನ ಸಿದ್ಧಾನ್ನ, ಚರ್ಚೆಯಲ್ಲಿ ಕೊನೆಗೆ ಸ್ಥಿರವಾದದ್ದು ಸಿದ್ಧಾಂತ, ಸಾಧನೆಯಲ್ಲಿ ಪಕ್ವನಾದವನು ಸಿದ್ಧಪುರುಷ. ತುಮಕೂರು ಸೀಮೆಯೇ ಈ ಪದದಿಂದ ತುಂಬಿದೆ. ನಗರದ ಸಮೀಪದಲ್ಲಿ ಸಿದ್ಧಗಂಗೆ, ಕೊರಟಗೆರೆಯ ಕಡೆ ಸಿದ್ಧರಬೆಟ್ಟ, ಕುಣಿಗಲು ತಾಲ್ಲೂಕಿನ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗರ ಗದ್ದುಗೆ. 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಉಣಿಸಿದರು. ಅಲ್ಲಿ ಬೆಂದ ಅನ್ನ ಮತ್ತು ಪಕ್ವವಾದ ಬದುಕು ಎಂಬ ಸಿದ್ಧ ಪದದ ಎರಡು ಅರ್ಥಗಳೂ ಒಂದೇ ಅಡುಗೆಮನೆಯಲ್ಲಿ ಸೇರಿದ್ದವು ಎನ್ನಬಹುದು.

ಹೊರನಾಡಿನಿಂದ ಬಂದು ಕನ್ನಡ ಕಲಿತ ಮಿಷನರಿಗಳು ಇಂಥ ಪದಗಳ ನಡುವೆ ಆಯ್ಕೆ ಮಾಡಬೇಕಾಗಿತ್ತು. ಬಳ್ಳಾರಿಯಲ್ಲಿ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್‍-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಸೇವೆ ಸಲ್ಲಿಸಿದವರು. 1859ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಪ್ರಕಟಿಸಿದರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಅದೇ ಗುಬ್ಬಿಯಲ್ಲಿದ್ದು ಕನ್ನಡ ಕಲಿತು, ಆರೋಗ್ಯ ಕೆಟ್ಟು 1841ರಲ್ಲಿ ಮರಳಿ, ಮೈಸೂರು ಸೀಮೆಯ ಮಿಷನ್ ಕುರಿತು 1847ರಲ್ಲಿ ಪುಸ್ತಕ ಬರೆದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಫರ್ಡಿನೆಂಡ್ ಕಿಟ್ಟೆಲರ ಮಹಾನಿಘಂಟು ಸುಮಾರು 70,000 ಪದಗಳನ್ನು ಹೊತ್ತಿದೆ. ತಾಯ್ನುಡಿಯಲ್ಲಿ ‘ಬೆರೈಟ್’ ಎನ್ನುತ್ತಿದ್ದ ಆ ಜರ್ಮನ್ ಪಂಡಿತರು ಅಣಿ, ಸಜ್ಜು, ಸಿದ್ಧಗಳ ಅರ್ಥಛಾಯೆಗಳನ್ನು ಬಿಡಿಸಿಡಲು ದಶಕಗಳ ಕಾಲ ಕುಳಿತರೆಂಬುದನ್ನು ನೆನೆದರೆ ತಲೆ ಬಾಗುತ್ತದೆ.

ಕನ್ನಡ ಬೈಬಲಿನಲ್ಲಿ ನೆಲೆನಿಂತ ಪದ ಸಿದ್ಧ. ಅದು ತಕ್ಕ ಆಯ್ಕೆಯೇ. ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ಸಿದ್ಧ ಎಂಬರ್ಥಕ್ಕೆ ಬರುವ ‘ನಾಕೋನ್’ ಎಂಬ ಪದಕ್ಕೆ ಸ್ಥಿರವಾದ, ಗಟ್ಟಿಯಾಗಿ ನಿಂತ ಎಂಬುದೇ ಮೂಲಾರ್ಥ. ಸೀನಾಯಿ ಬೆಟ್ಟದ ಬುಡದಲ್ಲಿ ಮೂರನೆಯ ದಿನಕ್ಕೆ ಸಿದ್ಧರಾಗಿರಬೇಕೆಂದು ಜನರಿಗೆ ಹೇಳಿದಾಗಲೂ ಈ ಧಾತುವಿನ ಪದವೇ ಇದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಆ ಸ್ಥಾನದಲ್ಲಿರುವುದು ‘ಹೆತೊಯಿಮೊಸ್’. ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಮದಲಿಂಗನೊಡನೆ ಒಳಗೆ ಹೋದವರನ್ನು ಸುವಾರ್ತೆ ಬುದ್ಧಿವಂತೆಯರೆಂದು ಮತ್ತೆ ಕರೆಯುವುದಿಲ್ಲ, ಸಿದ್ಧರಾಗಿದ್ದವರು ಎಂದು ಕರೆಯುತ್ತದೆ. ಅದೇ ಪದವನ್ನು ಪೇತ್ರನೂ ಆಡಿದ. ಸೆರೆಗೂ ಸಾವಿಗೂ ನಿನ್ನೊಡನೆ ಬರಲು ಸಿದ್ಧನೆಂದು ಅವನು ಹೇಳಿದ್ದು ಸಂಜೆ. ಕೋಳಿ ಕೂಗುವ ಮುನ್ನ, ಬೆಂಕಿ ಕಾಯಿಸಿಕೊಳ್ಳುತ್ತಾ ಕುಳಿತಿದ್ದವರ ನಡುವೆ, ಅವನ ಸಿದ್ಧತೆ ಕರಗಿಹೋಯಿತು. ಹೊರಡುವ ಉತ್ಸಾಹ ಪೇತ್ರನಲ್ಲಿತ್ತು. ಸ್ಥಿರತೆ ಇನ್ನೂ ಪಕ್ವವಾಗಿರಲಿಲ್ಲ. ಅದು ಮುಂದೆ ಕಣ್ಣೀರಿನಲ್ಲಿ ಬೆಂದು ಬಂದಿತು.

ಹಾಗಾದರೆ ಸಿದ್ಧತೆಗೆ ಎರಡು ಮುಖಗಳು. ಒಳಗೆ ಬೇಯುವುದು, ಮಾಗುವುದು, ಗಟ್ಟಿಯಾಗುವುದು ಒಂದು. ಇದನ್ನು ಸಿದ್ಧ, ನಾಕೋನ್ ಎಂಬ ಪದಗಳು ನೆನಪಿಟ್ಟುಕೊಂಡಿವೆ. ಹೊರಗೆ ಕರೆ ಬಂದೊಡನೆ ಹೊರಡುವುದು ಇನ್ನೊಂದು. ಇದನ್ನು ರೆಡಿ, ಸಜ್ಜು, ತಯಾರು ಎಂಬವು ನೆನಪಿಟ್ಟುಕೊಂಡಿವೆ. ಮಾಗದೆ ಹೊರಟರೆ ಪೇತ್ರನ ಸಂಜೆಯ ಮಾತಾಗುತ್ತದೆ. ಮಾಗಿಯೂ ಹೊರಡದಿದ್ದರೆ ಹೆದೆಯೇರಿಸದ ಬಿಲ್ಲಾಗುತ್ತದೆ.

ಅಂಗಡಿ ಸೇರಿದ ಪದ

ಈಗ ಇಂದಿನ ‘ರೆಡಿ’ಯತ್ತ ಮರಳೋಣ. ಮೊದಲು ಮನುಷ್ಯರಿಗೂ ಕುದುರೆಗಳಿಗೂ ಸಂದ ಈ ವಿಶೇಷಣ ಕ್ರಮೇಣ ವಸ್ತುಗಳಿಗೆ ಅಂಟಿಕೊಂಡಿತು. ಕೈಯಲ್ಲಿರುವ ನಗದಿಗೆ ಇಂಗ್ಲಿಷರು 15ನೆಯ ಶತಮಾನದಲ್ಲಿಯೇ ‘ರೆಡಿ ಮನಿ’ ಎನ್ನತೊಡಗಿದ್ದರು. ಯಂತ್ರಗಳ ಕಾಲ ಬಂದಂತೆ ‘ರೆಡಿಮೇಡ್’ ಎಂಬುದು ಮನೆಮಾತಾಯಿತು. ಅಳತೆ ಕೊಟ್ಟು ದರ್ಜಿಯ ಬಳಿ ವಾರಗಟ್ಟಲೆ ಕಾಯುತ್ತಿದ್ದ ನಾವು ರೆಡಿಮೇಡ್ ಬಟ್ಟೆಗೆ ಒಗ್ಗಿದೆವು. ಈಗ ಹಿಟ್ಟು, ಸಾರಿನ ಪುಡಿ, ಕಾಂಕ್ರೀಟು, ಹಾರೈಕೆಯ ಮಾತು ಎಲ್ಲವೂ ರೆಡಿ ಸಿಗುತ್ತವೆ. ಇದರಿಂದ ಮನೆಯ ಹೆಂಗಸರ ಬೆನ್ನಿನ ಭಾರ ಕಡಿಮೆಯಾಗಿದೆ ಎಂಬುದನ್ನು ಅಲ್ಲಗಳೆಯಬಾರದು. ಆದರೆ ಪದದ ಒಳಗೆ ಏನಾಯಿತೆಂಬುದನ್ನು ನೋಡಿ. ‘ರೆಡಿ’ ಎಂದರೆ ಇನ್ನೊಬ್ಬರು ಬೇಯಿಸಿದ್ದು, ಇನ್ನೊಬ್ಬರು ಹೊಲಿದದ್ದು, ನಾನು ಕಾಯಬೇಕಾಗಿಲ್ಲದ್ದು ಎಂದಾಯಿತು. ಮಾಗುವ ಶ್ರಮ ನಮ್ಮದಲ್ಲ. ಹೊರಡುವ ಅಗತ್ಯವೂ ಇಲ್ಲ, ಬಾಗಿಲಿಗೇ ಬರುತ್ತದೆ. ಎರಡು ಮುಖಗಳೂ ಅಳಿಸಿ, ಪದ ನಮ್ಮ ಬಾಯಲ್ಲಿ ಉಳಿದಿದೆ.

ಆದರೂ ಸಾಮಾನ್ಯ ಕನ್ನಡಿಗರು ಈ ಪದಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ಒಂದು ಅರ್ಥವನ್ನು ಸೇರಿಸಿದ್ದಾರೆ. ಕೆಟ್ಟುನಿಂತ ಗಾಡಿಯನ್ನು ಗ್ಯಾರೇಜಿಗೆ ಕೊಟ್ಟು ‘ರೆಡಿ ಮಾಡಿಸುತ್ತಾರೆ’. ಪಂಪ್‍ಸೆಟ್ ಸುಟ್ಟುಹೋದರೆ ‘ರೆಡಿ ಮಾಡಿ ಕೊಡಿ’ ಎನ್ನುತ್ತಾರೆ. ಇಲ್ಲಿ ರೆಡಿ ಎಂದರೆ ದುರಸ್ತಿ. ಮುರಿದದ್ದೂ ಮತ್ತೆ ದಾರಿಗೆ ಬರಬಲ್ಲದು ಎಂಬ ಭರವಸೆಯನ್ನು ಹೆದ್ದಾರಿಯ ಬದಿಯ ಮೆಕ್ಯಾನಿಕ್ಕುಗಳು ಈ ಪದದೊಳಗೆ ಇಟ್ಟಿದ್ದಾರೆ. ಇದು ಬಲು ದೊಡ್ಡ ಕೊಡುಗೆ ಎಂದೇ ನನ್ನ ಭಾವನೆ.

ಮಾಗುವಿಕೆಗೆ ಅವಸರ ಸಲ್ಲದೆಂಬುದನ್ನು ತುಮಕೂರು ಸೀಮೆಯ ತೆಂಗು ಬೆಳೆಗಾರರಿಂದ ಕಲಿಯಬೇಕು. ಉಂಡೆ ಕೊಬ್ಬರಿ ಮಾಡಲು ಬಲಿತ ಕಾಯಿಗಳನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಎಂಟು, ಹತ್ತು, ಕೆಲವೊಮ್ಮೆ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಬಳಿ ಹಿಡಿದು ಅಲುಗಾಡಿಸಿದಾಗ ಗಟಗಟ ಸದ್ದು ಬಂದರೆ ಸಿದ್ಧವಾಯಿತೆಂದರ್ಥ. ಅದಕ್ಕೆ ಮುಂಚೆ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಹಾಗೆಯೇ ರಾಗಿ ಬೆಳೆಯುವ ರೈತ ಹೊಲವನ್ನು ಹಸನು ಮಾಡಿ, ಬೀಜ ತೆಗೆದಿಟ್ಟು, ಮುಗಿಲನ್ನು ನೋಡುತ್ತಾನೆ. ಮಳೆ ಅವನ ಕೈಯಲ್ಲಿಲ್ಲ. ಮಳೆ ಬಂದು ಮಣ್ಣು ಹದವಾದ ಆ ಒಂದೆರಡು ದಿನಗಳಲ್ಲಿ ಬಿತ್ತಬೇಕು. ಹೊಲ ಹಸನಾಗದವನಿಗೆ ಆಗ ನೆರೆಯವನು ಎಷ್ಟೇ ಒಳ್ಳೆಯವನಾದರೂ ತನ್ನ ಹದವನ್ನು ಸಾಲ ಕೊಡಲಾರ. ಕನ್ಯೆಯರ ಸಾಮ್ಯದಲ್ಲಿ ಎಣ್ಣೆಯನ್ನು ಹಂಚಿಕೊಳ್ಳದವರು ಕಠಿಣ ಹೃದಯದವರೆಂದು ಕೆಲವರಿಗೆ ತೋರುವುದುಂಟು. ಆದರೆ ಸಿದ್ಧತೆ ಎಂಬುದು ಮೂಲತಃ ಸಾಲ ಕೊಡಬಹುದಾದ ಪದಾರ್ಥವಲ್ಲ. ಅದು ರೆಡಿಮೇಡ್ ಸಿಗುವುದಿಲ್ಲ.

ವಾಚಕರೇ, ಪದಗಳ ಇತಿಹಾಸ ಕೇವಲ ಪಂಡಿತರ ವಿನೋದವಲ್ಲ. ನಾವು ದಿನಕ್ಕೆ ಹತ್ತಾರು ಬಾರಿ ‘ರೆಡಿ’ ಎನ್ನುವವರು. ಹಾಗೆನ್ನುವಾಗ ಜೀನು ಬಿಗಿದ ಕುದುರೆಯನ್ನೂ ಅಟ್ಟದ ಮೇಲಿನ ತೆಂಗಿನಕಾಯಿಯನ್ನೂ ಒಮ್ಮೆ ನೆನೆಯೋಣ. ಯಾರ ಕರೆಗಾಗಿ ನಾನು ರೆಡಿ? ಆಸ್ಪತ್ರೆಗೆ ಜೊತೆ ಬೇಕೆನ್ನುವ ನೆರೆಯವರಿಗಾಗಿಯೋ, ಮುನಿಸಿಕೊಂಡ ಅಣ್ಣತಮ್ಮಂದಿರಿಗಾಗಿಯೋ, ವಯಸ್ಸಾದ ತಾಯಿತಂದೆಯರಿಗಾಗಿಯೋ? ಆ ಕರೆ ಬರುವ ಗಳಿಗೆಗೆ ನನ್ನೊಳಗೆ ಈಗ ಏನು ಮಾಗುತ್ತಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರವಿದ್ದವರ ಬಾಯಲ್ಲಿ ಆ ಪುಟ್ಟ ಪದ ತನ್ನ ಪೂರ್ಣ ಅರ್ಥವನ್ನು ಮರಳಿ ಪಡೆಯುತ್ತದೆ.